ಪದಿವು ಪರಿಶೀಲನೆಯಲ್ಲಿದೆ

ಮಂಗಳವಾರ, ಬೆಳಗ್ಗೆ ಹತ್ತು ಗಂಟೆ. ತಾಳವಾಡಿ ಪೇಟೆ ಬೀದಿಯ ಕಂಪ್ಯೂಟರ್ ಅಂಗಡಿ. ಹಾಜರಿದ್ದವರು: ಅಂಗಡಿ ಯಜಮಾನರ ಹೆಂಡತಿ ಶಿವಮ್ಮ, ನಮ್ಮ ಸಂಘದ ಜೀಪು ಓಡಿಸುವ ಮಾದೇವ, ತಾಳಮಲೆಯ ಆಚೆ ಕಾಡೊಳಗಿನ ಸೋಲಿಗರ ಪೋಡಿನಿಂದ, ಅಂದರೆ ಅವರ ಹಾಡಿಯಿಂದ, ಬೆಳಗಿನ ಬಸ್ಸಿಗೆ ಬಂದ ಜಡೆಮ್ಮ, ಮತ್ತು ನಾನು. ಯಜಮಾನರು ಇರಲಿಲ್ಲ. ಅವರು ತೀರಿಕೊಂಡು ತಿಂಗಳಾಗುತ್ತಾ ಬಂದಿದೆ.

ಜಡೆಮ್ಮನಿಗೆ ಆ ಸುದ್ದಿ ತಿಳಿದದ್ದು ಅಂಗಡಿಯ ಮೆಟ್ಟಿಲ ಮೇಲೆ. "ಅಣ್ಣ ಇಲ್ವಾ?" ಎಂದು ಕೇಳಿದಳು. ಶಿವಮ್ಮ ಗೋಡೆಯ ಮೇಲಿನ ಪಟ ತೋರಿಸಿದರು. ಜಡೆಮ್ಮ ಪಟವನ್ನೂ ಅದಕ್ಕೆ ಹಾಕಿದ್ದ ಹಾರವನ್ನೂ ನೋಡಿದಳು.

"ಅಂಗಾರೆ ಅವ್ರ್ಗೆ ನಮ್ ಮ್ಯಾಲೆ ಕ್ವಾಪ ಬಂದಿರ್ನಿಲ್ವಾ," ಎಂದಳು.

ಆ ಮಾತು ನನಗೆ ಅರ್ಥವಾಗಲಿಲ್ಲ. ನಮಗೆ ಗೊತ್ತಿದ್ದದ್ದು ಇಷ್ಟೇ. ಪ್ರತಿ ಬುಧವಾರ ನಮ್ಮ ಜೀಪು ಮಲೆಯ ಊರುಗಳ ರೋಗಿಗಳನ್ನು ಕೂರಿಸಿಕೊಂಡು ದಿಂಬಂ ಘಾಟಿ ಇಳಿದು ಸತ್ಯಮಂಗಲದ ಆಸ್ಪತ್ರೆಗೆ ಹೋಗಿ ಬರುತ್ತದೆ. ಸೀಟು ಬೇಕಾದವರು ಹಿಂದಿನ ದಿನ ಸಂಘದ ವೆಬ್ ಪುಟದಲ್ಲಿ ಹೆಸರು ನೋಂದಾಯಿಸಬೇಕು, ನಮ್ಮ ಕಡೆಯ ಮಾತಿನಲ್ಲಿ ಪದಿವು ಮಾಡಬೇಕು. ಪೋಡಿನಿಂದ ಮೂರು ವಾರ ಪದಿವು ಬಂದಿರಲಿಲ್ಲ. ಪದಿವು ಇಲ್ಲದ ಕಡೆ ಜೀಪು ಹೋಗುವುದಿಲ್ಲ. ಮಾದೇವ ಕಾಡುದಾರಿ ಬಿಟ್ಟು ಟಾರು ರಸ್ತೆಯಲ್ಲೇ ಹೋಗಿ ಬಂದಿದ್ದ. ಕೇಳಿದಾಗ, "ಅವ್ರ್ಗೆ ಜೀಪ್ ಬ್ಯಾಡ್ವಂತೆ ಕಣಕ್ಕ," ಎಂದಿದ್ದ. ಯಾರು ಹೇಳಿದರು ಎಂದು ನಾನು ಕೇಳಿರಲಿಲ್ಲ. ಯಜಮಾನರಾಗಿದ್ದರೆ ಕೇಳುತ್ತಿದ್ದರು.

ಜಡೆಮ್ಮ ಮೂರು ವಾರವೂ ಪದಿವು ಕಳಿಸಿದ್ದಳಂತೆ. ಅವಳ ತಂಗಿ ಕೇತಮ್ಮನಿಗೆ ಫಿಟ್ಸ್ ಬರುತ್ತದೆ. ಆಸ್ಪತ್ರೆಯ ಮಾತ್ರೆ ಮುಗಿದು ವಾರವಾಗಿತ್ತು. ಭಾನುವಾರ ಒಲೆಯ ಮುಂದೆ ಬಿದ್ದು ತೋಳು ಸುಟ್ಟುಕೊಂಡಿದ್ದಾಳೆ. "ಇನ್ನೊಂದ್ಸಲ ಎಲ್ ಬೀಳ್ತಳೋ ಏನೋ. ನಾನು ಕಾಯ್ಕಂಡ್ ಕೂತ್ರೆ ಕೂಲಿಗ್ ಓಗದ್ ಯಾರು?" ಎಂದಳು. ನಾನು ಕೆಲಸದ ಅವಧಿಯೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಆಗಿ ಕಳೆದವಳು. ಫಿಟ್ಸಿನ ಮಾತ್ರೆ ಇದ್ದಕ್ಕಿದ್ದಂತೆ ನಿಂತರೆ ಏನಾಗುತ್ತದೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕಳಿಸಿದ ಪದಿವು ಎಲ್ಲಿ ನಿಂತಿದೆ ಎಂಬುದನ್ನು ಅದೇ ದಿನ ಪತ್ತೆ ಮಾಡಬೇಕಿತ್ತು. ಅದಕ್ಕೆ ಆ ಪುಟವನ್ನು ಬರೆದ ಯಜಮಾನರು ಎಂಥವರೆಂದು ಮೊದಲು ಹೇಳಬೇಕು.

ಅವರ ಹೆಸರು ಬರೆಯುವುದಿಲ್ಲ. ತಾವು ಮಾಡಿದ ಪುಟದ ಕೆಳಗೂ ಅವರು ಹೆಸರು ಹಾಕಿಕೊಂಡವರಲ್ಲ. "ಎಸ್ರು ಆಕುದ್ರೆ ಕಳ್ಳಂಗೆ ಬಾಗ್ಲು ತೋರ್ಸ್‌ದಂಗೆ," ಎನ್ನುತ್ತಿದ್ದರು.

ಸಣಕಲು ಮೈ. ಹಣೆಗೆ ವಿಭೂತಿ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಅಂಗಿ, ಕಳೆದುಹೋಗದ ಹಾಗೆ ದಾರ ಕಟ್ಟಿದ ಕನ್ನಡಕ. ಅವರ ಮನೆತನದವರು ಮಲೆಯಲ್ಲಿ ಬಹಳ ಕಾಲದಿಂದ ಅರಿಶಿನ, ಕೋಸು ಬೆಳೆಯುವವರು. ಇವರೊಬ್ಬರೇ ಹೊಲ ಬಿಟ್ಟು ಪೇಟೆಯಲ್ಲಿ ಕಂಪ್ಯೂಟರ್ ಇಟ್ಟು, ಜನರ ಅರ್ಜಿ ತುಂಬಿಸಿಕೊಡುತ್ತಾ ಕೂತವರು. ಕುರ್ಚಿಯನ್ನು ಬಾಗಿಲಿಗೆ ಎದುರಾಗಿಯೇ ಹಾಕಿಕೊಳ್ಳುತ್ತಿದ್ದರು. ಬೆನ್ನ ಹಿಂದೆ ಗೋಡೆ ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ.

ಸಂಘಕ್ಕೊಂದು ಪುಟ ಮಾಡಿಕೊಡಿ ಎಂದು ನಾನು ಮೊದಲ ಸಲ ಹೋದಾಗ ಅವರು ಕೇಳಿದ್ದು, "ಯಾರ್ ಕಳ್ಸುದ್ರು ನಿಮ್ಮ?"

"ಯಾರೂ ಕಳಿಸಿಲ್ಲ."

"ಅಂಗಾರೆ ಎಂಗ್ ಬಂದ್ರಿ?"

"ನಡೆದು ಬಂದೆ."

ಅವರು ನಗಲಿಲ್ಲ. ಹೊರಗೆ ನಿಂತಿದ್ದ ಮಾದೇವನನ್ನು ಕರೆದು, "ಈ ಸಿಸ್ಟರಮ್ಮ ಏಳದು ನಿಜವೇನ್ಲಾ?" ಎಂದು ಕೇಳಿದರು. ಅವನು ಹೌದೆಂದ ಮೇಲೆ ನನಗೆ ಕುರ್ಚಿ ತೋರಿಸಿದರು.

ಯಾವ ಸುದ್ದಿ ಬಂದರೂ ಹೀಗೆಯೇ. ಊರಂಚಿನಲ್ಲಿ ಚಿರತೆ ಬಂದಿದೆ ಎಂದು ಯಾರಾದರೂ ಓಡಿಬಂದರೆ, "ನೀನ್ ಕಂಡ್ಯಾ?" ಎನ್ನುವರು. ಕಂಡೆ ಎಂದರೆ, "ಮೊಕ ಕಂಡ್ಯಾ, ಬಾಲ ಕಂಡ್ಯಾ?" ಬಾಲ ಎಂದರೆ, "ನಾಯಿಗೂ ಬಾಲ ಅದೆ ಕಣ್ಲಾ." ಹಾಲಿಗೆ ಬೆರಳದ್ದಿ ನೋಡುವರು. ದಿಂಬಂನ ಟೀ ಅಂಗಡಿಯಲ್ಲಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಕುಡಿಯುವರು. ಒಬ್ಬರ ಮೇಲೊಬ್ಬರು ಸಗಣಿ ಎಸೆದಾಡುವ ಗುಮಟಾಪುರದ ಹಬ್ಬಕ್ಕೆ ಒಂದು ವರ್ಷ ನಾವೆಲ್ಲ ಹೋಗಿದ್ದೆವು. ಸಗಣಿ ಯಾವ ಕಡೆಯಿಂದ ಬರುತ್ತದೆಂದು ಲೆಕ್ಕ ಹಾಕಿ, ಕನ್ನಡಕ ಜೇಬಿಗಿಟ್ಟು, ಅವರು ದೂರದ ಗೋಡೆಗೆ ಒರಗಿ ನಿಂತರು. ಗೋಡೆಯ ಮೇಲೆ ಕೂತಿದ್ದವನು ಒಂದು ಮುದ್ದೆಯನ್ನು ನೆಟ್ಟಗೆ ಅವರ ನೆತ್ತಿಗೆ ಇಳಿಸಿದ. ವಾಪಸು ಬರುವಾಗ ಜೀಪಿನಲ್ಲಿ ಮಾದೇವ, "ಮ್ಯಾಲಿಂದ ಬತ್ತದೆ ಅಂತ ಅನ್ಮಾನ ಬರ್ನಿಲ್ವಾ ಅಣ್ಣ?" ಎಂದ. ಅವರು ತಲೆ ಒರೆಸಿಕೊಳ್ಳುತ್ತಲೇ, "ಬಂತು. ಆದ್ರೆ ಅವ್ನು ನಮ್ ನೆಂಟ ಕಣ್ಲಾ. ಅಲ್ಲೇ ತಪ್ಪಿದ್ದು," ಎಂದರು.

ಪುಟ ಮಾಡಿದ್ದು ಪಿಎಚ್‌ಪಿ ಎಂಬ ಭಾಷೆಯಲ್ಲಿ. ಯಾವುದನ್ನೂ ತಿಳಿಯದೆ ಒಪ್ಪಿಕೊಳ್ಳುವ ಅಭ್ಯಾಸ ನನಗೂ ಇಲ್ಲ. ಕೇಳಿದೆ, ಅವರು ಹೇಳಿದರು. ರೋಗಿಯ ಕಡೆಯವರು ಫೋನಿನಲ್ಲಿ ಹೆಸರು, ಊರು, ಕಾಯಿಲೆ ತುಂಬಿ ಒತ್ತುತ್ತಾರೆ. ಅದು ಎಲ್ಲೋ ದೂರದಲ್ಲಿರುವ ಸರ್ವರ್ ಎಂಬ ಯಂತ್ರಕ್ಕೆ ಹೋಗುತ್ತದೆ. ಅಲ್ಲಿ ಅವರು ಬರೆದಿಟ್ಟ ಸಾಲುಗಳು ಬಂದದ್ದನ್ನು ಬಿಡಿಸಿ ನೋಡುತ್ತವೆ. ಹಾಗೆ ಬಿಡಿಸುವಾಗ ಎರಡು ಬಗೆಯ ವಿಷಯ ಸಿಗುತ್ತದೆ. ಒಂದು, ಬಳಸುವವರು ತಾವಾಗಿ ಬರೆದದ್ದು. ಇನ್ನೊಂದು, ಅವರು ಬರೆಯದಿದ್ದರೂ ಜೊತೆಗೆ ಬಂದದ್ದು: ಯಾವ ವಿಳಾಸದಿಂದ ಬಂತು, ಯಾವ ಹೊತ್ತಿಗೆ ಬಂತು, ಎಂಥ ಫೋನು, ಯಾವ ಬ್ರೌಸರು.

"ಕಾಗ್ದದ ಒಳ್ಗೆ ಏನ್ ಬೇಕಾರೂ ಬರೀಬೋದು ಅಕ್ಕ. ಲಕೋಟೆ ಮ್ಯಾಲೆ ಅಂಚೆ ಮುದ್ರೆ ಇರ್ತದಲ್ಲ, ನಾನು ಮೊದ್ಲು ಅದ್ನ ನೋಡದು," ಎಂದರು.

"ಮುದ್ರೆ ಸುಳ್ಳು ಹೇಳಲ್ವಾ?"

"ಏಳ್ತದೆ. ಫೋನ್ ಎಸ್ರು ಅಂತೂ ಯಾರ್ ಬೇಕಾರೂ ಬದ್ಲಾಯ್ಸ್‌ಬೋದು. ಅದ್ಕೇ ಎರಡ್ನೂ ನಂಬಲ್ಲ."

ಪುಟ ಸಿದ್ಧವಾದ ದಿನ ನನ್ನನ್ನು ಕೂರಿಸಿ, ಹೆಸರಿನ ಜಾಗದಲ್ಲಿ ಏನಾದರೂ ಬರೆಯಿರಿ ಎಂದರು. ನಾನು ನನ್ನ ಹೆಸರು ಬರೆದೆ. "ನಿಮ್ಮಂತೋರೇ ಎಲ್ರೂ ಇದ್ದಿದ್ರೆ ನಂಗ್ ಕೆಲ್ಸ ಇರ್ತಿರ್ನಿಲ್ಲ," ಎಂದು ಕೀಲಿಮಣೆ ತಮ್ಮ ಕಡೆಗೆ ಎಳೆದುಕೊಂಡರು. ಹೆಸರಿನ ಜಾಗದಲ್ಲಿ ಕಂಪ್ಯೂಟರಿಗೆ ಆಜ್ಞೆ ಕೊಡುವ ಒಂದು ಸಾಲು ಬರೆದು ಒತ್ತಿದರು. ಎಚ್ಚರವಿಲ್ಲದೆ ಮಾಡಿದ ಪುಟವಾದರೆ ಆ ಸಾಲನ್ನು ಆಜ್ಞೆಯೆಂದೇ ತಿಳಿದು ಹಾಗೆಯೇ ನಡೆದುಕೊಳ್ಳುತ್ತದಂತೆ. ಅವರ ಪುಟ ಆ ಸಾಲನ್ನು ಬರಿಯ ಅಕ್ಷರಗಳಾಗಿ ಹೆಸರಿನ ಜಾಗದಲ್ಲಿ ತೋರಿಸಿ ಸುಮ್ಮನಾಯಿತು. "ಒಳಕ್ಕೆ ಬರದೆಲ್ಲ ಕಾಲ್ ತೊಳ್ಕಂಡ್ ಬರ್ಬೇಕು ಅಕ್ಕ. ಅದು ನಮ್ಮನೆ ಐಕ್ಳೇ ಆಗಿರ್ಲಿ," ಎಂದರು.

ಒಮ್ಮೆ ನಾನು ಒಂದು ಅನುಕೂಲ ಕೇಳಿದೆ. ಒಬ್ಬರ ಪದಿವನ್ನು ಇನ್ನೊಬ್ಬರಿಗೆ ಲಿಂಕ್ ಮಾಡಿ ಕಳಿಸುವ ಹಾಗಿದ್ದರೆ ಚೆನ್ನ ಎಂದೆ. ಅವರ ಮುಖ ಬಿಗಿಯಿತು. ಹಾಗೆ ಮಾಡಿದರೆ ತುಂಬಿದ್ದೆಲ್ಲ ಪುಟದ ವಿಳಾಸದ ಸಾಲಿನಲ್ಲೇ ಕಾಣುತ್ತದೆ. "ವಿಳಾಸದಲ್ಲಿ ಟಿಬಿ ಅಂತ ಬರ್ದು ಬೀದಿಗ್ ಬುಡ್ತೀರಾ? ಸಂಜ್ಗೆ ವಾಟ್ಸಾಪ್ ತುಂಬ ಅದೇ ಇರ್ತದೆ. ಆ ಎಣ್ಣಿನ ಮದ್ವೆ ನೀವ್ ಮಾಡುಸ್ತೀರಾ?" ಎಂದರು. ಕಾಯಿಲೆಯ ಹೆಸರು ಯಾವತ್ತೂ ಮುಚ್ಚಿದ ದಾರಿಯಲ್ಲೇ ಹೋಗಬೇಕೆಂಬುದು ಅವರ ಕಟ್ಟಪ್ಪಣೆ. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ವಯಸ್ಸಿನ ವಿಷಯದಲ್ಲಿ ಮಾತ್ರ ಅವರು ಸೋತರು. ಅಂಕಿ ಬಿಟ್ಟು ಬೇರೇನನ್ನೂ ಅವರ ಪುಟ ಒಪ್ಪುತ್ತಿರಲಿಲ್ಲ. ನಮ್ಮ ಜನ "ಮಗಂಗ್ ಮದ್ವೆ ಆಗದೆ" ಎಂದೂ "ಅಲ್ಲೆಲ್ಲ ಉದುರೋಗವೆ" ಎಂದೂ ಬರೆದು ಒತ್ತುತ್ತಿದ್ದರು. ಪುಟ ತಿರುಗಿಸಿ ಕಳಿಸುತ್ತಿತ್ತು, ಅವರು ಮತ್ತೆ ಒತ್ತುತ್ತಿದ್ದರು. ಕೊನೆಗೆ ಎಳೆಯರು, ನಡುವಯಸ್ಸು, ಮುದುಕರು ಎಂಬ ಮೂರೇ ಆಯ್ಕೆ ಇಟ್ಟರು. ಇಟ್ಟ ಮೇಲೂ ಒಂದು ವಾರ ಗೊಣಗಿದರು.

ಇನ್ನು ಪೋಡಿನ ವಿಷಯ. ಪುಟ ಶುರುವಾದ ಕೆಲವು ತಿಂಗಳಿಗೆ ಜೀಪು ಕಾಡುದಾರಿಯ ಊರೊಂದಕ್ಕೆ ಎರಡು ಸಲ ಸುಮ್ಮನೆ ಓಡಿತು. ಪದಿವಿನಲ್ಲಿದ್ದ ಹೆಸರಿನವರು ಆ ಊರಿನಲ್ಲೇ ಇರಲಿಲ್ಲ. ಮಾದೇವ ಸಂಘದ ಸಭೆಯಲ್ಲಿ ಕೂಗಾಡಿದ. ಅಂದಿನಿಂದ ಯಜಮಾನರು ಬಂದ ಪದಿವುಗಳ ಬೆನ್ನು ಹತ್ತಿದರು. ಯಾವ ವಿಳಾಸ, ಯಾವ ಫೋನು, ಯಾವ ಹೊತ್ತು ಎಂದು ಒಂದೊಂದನ್ನೂ ನೋಡಿದರು. ಹಾಗೆ ನೋಡುವಾಗ ತಾಳಮಲೆ ಆಚೆಯ ಪೋಡಿನ ಪದಿವುಗಳು ಕಣ್ಣಿಗೆ ಬಿದ್ದವು. ಬೇರೆ ಬೇರೆ ಹೆಸರು, ಬೇರೆ ಬೇರೆ ಕಾಯಿಲೆ. ಆದರೆ ಎಲ್ಲವೂ ಒಂದೇ ಫೋನಿನಿಂದ, ಒಂದೇ ವಿಳಾಸದಿಂದ, ಮಂಗಳವಾರ ಸಂಜೆ ಒಂದರ ಹಿಂದೊಂದು ಬಂದಿದ್ದವು.

"ಒಬ್ರೇ ಕೂತ್ಕಂಡ್ ಬರೀತಾವ್ರೆ," ಎಂದು ನನಗೆ ಹೇಳಿದರು. ಆ ವಿಳಾಸವನ್ನೂ ಆ ಫೋನನ್ನೂ ತಡೆದುಬಿಟ್ಟರು. ಆ ಬುಧವಾರ ಪೋಡಿಗೆ ಜೀಪು ಹೋಗಲಿಲ್ಲ.

ಮಾರನೆಯ ದಿನವೇ ಜಡೆಮ್ಮ ಬಂದು ಇದೇ ಅಂಗಡಿಯ ಬಾಗಿಲಲ್ಲಿ ನಿಂತಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ಕೈಯಲ್ಲಿ ಗಾಜು ಒಡೆದ ಫೋನು.

"ನಮ್ ಪದಿವು ಯಾಕಪ್ಪ ತಕಳಾಕಿಲ್ಲ ನಿನ್ ಕಂಪ್ಯೂಟ್ರು?"

"ಎಲ್ರುದೂ ನೀನೇ ಬರೀತೀಯಾ?"

"ಊಂ. ನಾನೇ."

"ಯಾಕೆ? ಅವ್ರ್ಗೆ ಕೈ ಇಲ್ವಾ?"

"ಕೈ ಅದೆ. ಟವರ್ ಇಲ್ಲ. ಊರ್ ಮ್ಯಾಲೆ ಒಂದ್ ಬಂಡೆ ಅದೆ, ಅಲ್ ಅತ್ತುದ್ರೇ ಸಿಕ್ಕದು. ಮುದ್ಕ್ರು ಮೋಟ್ರು ಎಲ್ ಅತ್ತಾರು? ಎಲ್ರೂ ನಂಗ್ ಏಳ್ತರೆ, ನಾನ್ ಅತ್ತಿ ಕಳ್ಸ್ತೀನಿ. ಮೊದ್ಲಿಂದ್ಲೂ ಅಂಗೇಯ. ಯಾರ್ದಾರ ಸಾವ್ ಸುದ್ದಿ ಆದ್ರೂವೆ, ರೇಷನ್ ಬಂತಾ ಅಂತ ಕೇಳದಾದ್ರೂವೆ, ಒಬ್ರೇ ಅತ್ತದು."

"ನಿಜ ಅಂತ ಎಂಗ್ ನಂಬ್ಲಿ?"

"ನಂಬ್ಬ್ಯಾಡ. ಬಂದ್ ನೋಡು."

ಅವರು ಹೋದರು. ಅಂಥ ಮಾತಿಗೆ ಹೋಗದೆ ಇರುವವರೇ ಅಲ್ಲ. ಬಂಡೆ ಹತ್ತಿ, ಜಡೆಮ್ಮನ ಫೋನು ತಾವೇ ಹಿಡಿದು ಒಂದು ಸುಳ್ಳು ಪದಿವು ಕಳಿಸಿ, ಕೆಳಗಿಳಿದು ಬಂದು ಅಂಗಡಿಯಲ್ಲಿ ತಾಳೆ ನೋಡಿದರು. ಅದೇ ವಿಳಾಸ. ಆಮೇಲೆ ಪೇಟೆಯ ಪದಿವುಗಳನ್ನೂ ಬಿಡಿಸಿ ನೋಡಿದರು. ಟವರಿನವರು ಒಂದೇ ವಿಳಾಸವನ್ನು ಎಷ್ಟೋ ಫೋನುಗಳಿಗೆ ಹಂಚಿರುತ್ತಾರೆಂದು ಅಲ್ಲಿ ಕಂಡಿತು. ನನ್ನ ಹತ್ತಿರ ಬಂದು, "ಪೋಡಿಂದು ಸರ್ಯಾಗೇ ಅದೆ ಅಕ್ಕ," ಎಂದರು. ಅಷ್ಟೇ. ಅವರು ತಡೆ ತೆಗೆದುಹಾಕಿದರೆಂದು ನಾನು ತಿಳಿದುಕೊಂಡೆ. ಮುಂದಿನ ಬುಧವಾರದಿಂದ ಜೀಪು ಮತ್ತೆ ಕಾಡುದಾರಿಗೆ ಇಳಿಯಿತು.

ಮೊದಲಿನ ಆ ಎರಡು ಸುಳ್ಳು ಪದಿವು ಕಳಿಸಿದವರು ಯಾರೆಂದು ಅವರು ಯಾರಿಗೂ ಹೇಳಲಿಲ್ಲ. ಅವರಿಗೆ ಗೊತ್ತಿತ್ತೆಂಬ ಅನುಮಾನ ನನಗೆ ಈಗಲೂ ಇದೆ. ಕಾಡುದಾರಿಗೆ ಜೀಪು ಇಳಿಸುವುದು ಯಾರಿಗೆ ಬೇಡವಾಗಿತ್ತೆಂದು ನನಗೂ ಗೊತ್ತು. ಪ್ರತಿ ಸಭೆಯಲ್ಲಿ ಮಾದೇವ, "ಪೋಡಿನ್ ಪದಿವೆಲ್ಲ ಒಬ್ಳೇ ಬರಿಯದು, ಆ ದಾರೀಲಿ ಆನೆ ಬೇರೆ, ಯಾಕ್ ಬೇಕು," ಎಂದು ಎತ್ತುತ್ತಿದ್ದ. ಯಜಮಾನರು ತಲೆ ಎತ್ತದೆ, "ಅವ್ ಸುಳ್ಳಲ್ಲ," ಎನ್ನುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಯಾರನ್ನೂ ನಂಬದವರು ಒಂದನ್ನು ಸುಳ್ಳಲ್ಲ ಎಂದ ಮೇಲೆ ಅದರ ಮೇಲೆ ಚರ್ಚೆ ಮಾಡುವವರು ಸಂಘದಲ್ಲಿ ಯಾರಿದ್ದರು?

ಈಗ ಮಂಗಳವಾರದ ಬೆಳಗಿಗೆ ಬರುತ್ತೇನೆ.

"ಕೋಪ ಯಾಕೆ ಬರಬೇಕು ಅವರಿಗೆ?" ಎಂದು ಜಡೆಮ್ಮನನ್ನು ಕೇಳಿದೆ.

"ಪೋನೇ ಮಾಡ್ನಿಲ್ವಲ್ಲ ಕಣಮ್ಮ. ಯಾವಾಗ್ಲೂ ಮಾಡೋರು."

"ಯಾವಾಗ?"

"ಮಂಗಳ್ವಾರ. ನಾನ್ ಪದಿವ್ ಕಳ್ಸಿ ಬಂಡೆ ಮ್ಯಾಲೇ ಕೂತಿರ್ತಿದ್ದೆ. ಅವ್ರು ಪೋನ್ ಮಾಡಿ ಒಬ್ಬೊಬ್ರುದೂ ಕೇಳೋರು. ಮಾರ ನಿಜ್ವಾಗ್ಲೂ ಕೆಮ್ತನಾ, ನೀ ಕೇಳಿಸ್ಕಂಡ್ಯಾ. ಮಾದಿ ಕಣ್ಣು ಬಲಗಡೇದೋ ಎಡಗಡೇದೋ. ಎಲ್ಲ ಆದ್ಮೇಲೆ ಸರಿ, ಇಳಿ ಅನ್ನೋರು. ನಾನು ಇಳೀತಿದ್ದೆ."

"ಪ್ರತಿ ವಾರವೂ?"

"ಒಂದ್ ವಾರವೂ ಬುಟ್ಟಿಲ್ಲ. ಈಗ ಮೂರ್ ವಾರ ಕಾದೆ. ಕತ್ಲಾಗಗಂಟ ಕೂತಿದ್ದೆ. ಮಾಡ್ನಿಲ್ಲ."

ಶಿವಮ್ಮನ ಕಡೆ ನೋಡಿದೆ. ಅವರಿಗೆ ಗೊತ್ತಿತ್ತು. "ಸಂಜೆ ಐದಾದ್ರೆ ಪೋನ್ ಇಡ್ಕಂಡ್ ಒರಕ್ ಓಗೋರು ಅಕ್ಕ. ಯಾರ್ ಜೊತೆ ಮಾತು ಅಂತ ನಾನೂ ಒಂದಿನ ಕೇಳ್ದೆ. 'ಕೇಳಕ್ ಕೆಲ್ಸ ಇಲ್ವಾ' ಅಂದ್ರು," ಎಂದರು.

ಶಿವಮ್ಮನಿಗೆ ಪುಟದ ಒಳಬಾಗಿಲು ತೆರೆಯಲು ಬರುತ್ತದೆ. ಎರಡನೇ ಕಂಪ್ಯೂಟರಿನಲ್ಲಿ ಕೂತು ಅರ್ಜಿ ತುಂಬಿಸುವವರು ಅವರೇ. ಅವರು ತೆರೆದರು. ಪೋಡಿನ ಮೂರು ವಾರದ ಪದಿವುಗಳೂ ಅಲ್ಲೇ ಕೂತಿದ್ದವು. ಒಂದೊಂದರ ಎದುರಿಗೂ "ಪರಿಶೀಲನೆಯಲ್ಲಿದೆ" ಎಂದಿತ್ತು. ಯಜಮಾನರು ತಡೆಯನ್ನು ತೆಗೆದಿರಲಿಲ್ಲ. ಸಡಿಲಿಸಿದ್ದರು, ಅಷ್ಟೆ. ಆ ಫೋನಿನಿಂದ ಬಂದದ್ದನ್ನು ಪುಟ ತಿರುಗಿಸಿ ಕಳಿಸುವುದಿಲ್ಲ, ತಾನಾಗಿ ಒಪ್ಪುವುದೂ ಇಲ್ಲ. ಒಬ್ಬರು ನೋಡಿ, ಕೇಳಿ, ಒಪ್ಪಿಗೆ ಒತ್ತಬೇಕು. ಆ ಒಬ್ಬರು ಅವರೇ ಆಗಿದ್ದರು. ಅವರು ಹೋದ ಮೇಲೆ ಒತ್ತುವವರು ಇರಲಿಲ್ಲ.

"ನಿನಗೆ ಇದು ಗೊತ್ತಿತ್ತಾ?" ಎಂದು ಮಾದೇವನನ್ನು ಕೇಳಿದೆ.

"ಇಲ್ಲ ಕಣಕ್ಕ. ನಂಗೇನ್ ಗೊತ್ತು."

"ಅವರಿಗೆ ಜೀಪು ಬೇಡವಂತೆ ಅಂದೆಯಲ್ಲ. ಯಾರು ಹೇಳಿದರು?"

"ಯಾರೋ ಅಂದ್ರು."

"ಯಾರು?"

ಅವನು ಬೀದಿಯ ಕಡೆ ತಿರುಗಿ ಜೀಪಿನ ಟೈರು ನೋಡುತ್ತಾ ನಿಂತ. ಅನುಮಾನ ಅನುಮಾನವಾಗಿಯೇ ಇರಲಿ ಎಂದು ನಾನೂ ಬಿಟ್ಟೆ. ಹೊತ್ತು ಹೋಗುತ್ತಿತ್ತು.

ಶಿವಮ್ಮ ಬೆರಳನ್ನು ಒಪ್ಪಿಗೆಯ ಮೇಲೆ ಇಟ್ಟವರು ಒತ್ತಲಿಲ್ಲ. "ಅವ್ರು ಕೇಳ್ದೆ ಒತ್ತುತ್ತಿರ್ನಿಲ್ಲ ಅಕ್ಕ," ಎಂದರು. ಸರಿಯಾದ ಮಾತು. ನಾನು ಕುರ್ಚಿ ಎಳೆದುಕೊಂಡು, ತೆರೆಯ ಮೇಲಿನ ಹೆಸರು ಒಂದೊಂದಾಗಿ ಓದಿ ಜಡೆಮ್ಮನನ್ನು ಕೇಳಿದೆ. ಮಾರನ ಕೆಮ್ಮಿನಲ್ಲಿ ರಕ್ತ ಇದೆಯೆ? ಇಲ್ಲ. ಮಾದಿಯ ಕಣ್ಣಿನ ಪೊರೆ ತೆಗೆಸಿದ ಮೇಲೆ ನೀರು ಸುರಿಯುತ್ತಿದೆಯೆ? ಸುರಿಯುತ್ತಿದೆ. ಒಬ್ಬನ ಹೆಸರಿಗೆ ಬಂದಾಗ ಅವಳೇ ಕೈ ಅಡ್ಡ ಹಿಡಿದಳು.

"ಬೊಮ್ಮಂದು ತಗ್ದಾಕಿ ಕಣಮ್ಮ. ಅವ್ನ್ ಸೊಂಟ ಸರ್ಯಾಗೇ ಅದೆ. ಸತ್ಯಮಂಗ್ಲ ಪ್ಯಾಟೆ ನೋಡಕ್ ಬತ್ತನೆ ಅಷ್ಟೆ."

"ಹಾಗಾದರೆ ಯಾಕೆ ಕಳಿಸಿದೆ?"

"ಬರಿ ಅಂದ, ಬರ್ದೆ. ಅಣ್ಣ ಕೇಳ್ದಾಗ ಏಳ್ತಿದ್ದೆ. ಅವ್ರೇ ತಗ್ದಾಕೋರು. ಬೊಮ್ಮ ಅವ್ರ್ ಮ್ಯಾಲೆ ಉರ್ಕತಿದ್ದ, ನನ್ ಮ್ಯಾಲಲ್ಲ."

ಮಾದೇವ ನಕ್ಕುಬಿಟ್ಟ. ನನಗೂ ನಗು ಬಂತು, ತಡೆದುಕೊಂಡೆ. ಬೊಮ್ಮನದನ್ನು ಶಿವಮ್ಮ ತೆಗೆದರು. ಉಳಿದವಕ್ಕೆಲ್ಲ ಒಪ್ಪಿಗೆ ಒತ್ತಿದರು.

ಈ ತಡೆಯನ್ನು ಪೂರ್ತಿ ತೆಗೆಸಿಬಿಡುವುದು ಕಷ್ಟವಲ್ಲ. ಸತ್ಯಮಂಗಲದಿಂದ ತಿಳಿದವರೊಬ್ಬರನ್ನು ಕರೆಸಿದರೆ ಆಗುತ್ತದೆ. ತೆಗೆಸಬಾರದೆಂದು ನಾನು ಅಲ್ಲೇ ತೀರ್ಮಾನಿಸಿದೆ. ಅದು ಅವರ ಮೇಲಿನ ಗೌರವಕ್ಕಲ್ಲ. ತಡೆ ಹೋದರೆ ಬೊಮ್ಮನಂಥವನೊಬ್ಬ ಜೀಪು ಹತ್ತುತ್ತಾನೆ. ಹತ್ತಿದನೆಂದು ಮಾದೇವ ಸಭೆಯಲ್ಲಿ ಎತ್ತುತ್ತಾನೆ. ಆಗ ಪೋಡಿನ ದಾರಿಯೇ ಹೋಗುತ್ತದೆ. ಒಂದೊಂದನ್ನೂ ಕೇಳಿ ಒಪ್ಪಿದ ಪದಿವಿನ ಮೇಲೆ ಯಾರೂ ಬೆರಳು ತೋರಿಸಲಾರರು. ಅವರು ಫೋನು ಹಿಡಿದು ಹೊರಗೆ ಹೋಗುತ್ತಿದ್ದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಅವರು ಜಡೆಮ್ಮನನ್ನು ಕೊನೆಯವರೆಗೂ ಪೂರ್ತಿ ನಂಬಿದ್ದರೆಂದು ನಾನು ಹೇಳಲಾರೆ. ನಂಬುವ ಕೆಲಸ ಅವರಿಗೆ ಬರುತ್ತಿರಲಿಲ್ಲ. ಕೇಳುವ ಕೆಲಸ ಬರುತ್ತಿತ್ತು. ಅದನ್ನು ಒಂದು ವಾರವೂ ಬಿಡಲಿಲ್ಲ.

"ಇನ್ನು ಮೇಲೆ ಮಂಗಳವಾರ ನಾನು ಫೋನ್ ಮಾಡುತ್ತೇನೆ," ಎಂದೆ.

"ಯಾವ್ ಒತ್ತಲ್ಲಿ ಕಣಮ್ಮ?"

"ಐದಕ್ಕೆ. ಐದು ಎಂದರೆ ಐದಕ್ಕೆ. ಬಂಡೆಯ ಮೇಲೆ ಇರಬೇಕು."

"ಅವ್ರೂ ಇಂಗೇ ಬೈಯ್ಯೋರು," ಎಂದು ಜಡೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೊರಗೆ ಬಂದು ಮಾದೇವನಿಗೆ ಜೀಪು ತೆಗೆ ಎಂದೆ.

"ಇವತ್ ಮಂಗಳ್ವಾರ ಕಣಕ್ಕ. ಜೀಪು ಬುಧ್ವಾರ ತಾನೆ. ನೀವೇ ಮಾಡಿರ ರೂಲ್ಸು."

"ಗೊತ್ತು. ಡೀಸೆಲ್ ಇದೆಯಾ?"

"ಅದೆ."

"ಉಳಿದವರು ನಾಳೆ. ಕೇತಮ್ಮ ಇವತ್ತು."

ಅವನು ಜೀಪು ತೆಗೆದ. ತಾಳಮಲೆ ದಾಟಿ ಬಲಕ್ಕೆ ತಿರುಗಿ ಕಾಡುದಾರಿಗೆ ಇಳಿಸಿದ. ಎರಡು ಕಡೆ ಆನೆಯ ಲದ್ದಿ ಬಿದ್ದಿತ್ತು. ಜಡೆಮ್ಮ ಇಳಿದು ಕಾಲ್ಬೆರಳಿನಿಂದ ಮುಟ್ಟಿ ನೋಡಿ, "ಅಳೇದು, ಓಗಣ್ಣ," ಎಂದಳು. ಕೇತಮ್ಮ ಗುಡಿಸಲ ಹೊರಗೆ ಕೂತಿದ್ದಳು. ಎಡತೋಳಿಗೆ ಹಳೆಯ ಸೀರೆಯ ತುಂಡು ಸುತ್ತಿತ್ತು. ಬಿಚ್ಚಿ ನೋಡಿದೆ. ಗಾಯ ಆಳವಿರಲಿಲ್ಲ, ಶುಭ್ರವೂ ಇರಲಿಲ್ಲ. ನನ್ನ ಚೀಲದಲ್ಲಿದ್ದ ಬಟ್ಟೆಯಿಂದ ಕಟ್ಟಿ, ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಕೇತಮ್ಮನನ್ನು ಬಾಗಿಲಿನ ಪಕ್ಕ ಕೂರಿಸಲಿಲ್ಲ. ಘಾಟಿಯ ತಿರುವುಗಳಲ್ಲಿ ಅವಳ ತಲೆ ಅಕ್ಕನ ತೊಡೆಯ ಮೇಲಿತ್ತು.

ಸತ್ಯಮಂಗಲದ ಆಸ್ಪತ್ರೆಯಲ್ಲಿ ಡಾಕ್ಟರು ಇನ್ನೂ ಇದ್ದರು. ಹಳೆಯ ಮಾತ್ರೆಯನ್ನೇ ಮತ್ತೆ ಶುರು ಮಾಡಿ, ಒಂದು ರಾತ್ರಿ ಇರಿಸಿಕೊಳ್ಳುತ್ತೇವೆ, ನಾಳೆ ಜೀಪಿನಲ್ಲಿ ಕಳಿಸುತ್ತೇವೆ ಎಂದರು. ಹುಡುಗಿ ಸಿಸ್ಟರ್ ಒಬ್ಬಳು ಮಾತ್ರೆಯನ್ನೂ ನೀರನ್ನೂ ಕೊಟ್ಟು, ಪಕ್ಕದ ಹಾಸಿಗೆಯವರು ಕರೆದರೆಂದು ಹೋದಳು. ಕೇತಮ್ಮ ನೀರು ಕುಡಿದು ಲೋಟ ಕೆಳಗಿಟ್ಟಳು.

"ಬಾಯಿ ತೆರೆ," ಎಂದೆ.

"ನುಂಗ್ದೆ ಕಣಮ್ಮ."

"ಗೊತ್ತು. ನಾಲಗೆ ಎತ್ತು."

ಎತ್ತಿದಳು. ನಾಲಗೆಯ ಅಡಿ ನೋಡಿದೆ. ಎರಡು ಕೆನ್ನೆಗಳ ಒಳಬದಿಯನ್ನೂ ನೋಡಿದೆ. ಮಾತ್ರೆ ಒಳಗೆ ಹೋಗಿತ್ತು.